ಮಾರಿದ ದೋಣಿ: ಇಷ್ಟವಿಯೋಗವೋ, ಪಶ್ಚಾತ್ತಾಪವೋ?

ಕ್ರಯ ಮುಗಿದು ಹಣ ಕೈಸೇರಿದ ಮೇಲೆ ವಸ್ತುವಿನ ಹಕ್ಕು ಕೊಂಡವನದು. ವ್ಯಾಪಾರದ ಈ ನಿಯಮ ಎಲ್ಲರಿಗೂ ತಿಳಿದದ್ದೇ. ಆದರೆ ಹಕ್ಕು ಕಳೆದಷ್ಟು ಸುಲಭವಾಗಿ ಮಮತೆ ಕಳೆಯುವುದಿಲ್ಲ. ಪ್ರೀತಿಯಿಂದ ಬಳಸಿದ ವಸ್ತುವನ್ನು ತಾವಾಗಿಯೇ ಮಾರಿ, ವರ್ಷಗಳು ಸಂದ ಮೇಲೂ ಅದಕ್ಕಾಗಿ ಕೊರಗುವವರು ಎಲ್ಲೆಡೆಯೂ ಇದ್ದಾರೆ. ಈ ಕೊರಗು ಬರಿಯ ಮೋಹವೇ? ಅಥವಾ ಅದರಲ್ಲಿ ಕಲಿಯತಕ್ಕ ಪಾಠವೂ ಉಂಟೇ? ಇಂಗ್ಲೆಂಡಿನ ಲೇಖಕನೊಬ್ಬನ ಪುಟ್ಟ ದೋಣಿಯ ವೃತ್ತಾಂತವು ಈ ವಿಚಾರಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಆರ್ಥರ್ ರಾನ್ಸಮ್ ೧೯೩೦ರಲ್ಲಿ ಪ್ರಕಟವಾದ ‘ಸ್ವಾಲೋಸ್ ಅಂಡ್ ಅಮೆಜಾನ್ಸ್’ ಎಂಬ ಮಕ್ಕಳ ಕಾದಂಬರಿಯಿಂದ ಪ್ರಸಿದ್ಧನಾದವನು. ೧೯೩೪ರಲ್ಲಿ ಆತನು ಹಾಯಿದೋಣಿಯೊಂದನ್ನು ಕೊಂಡನು. ಲಿಟಲ್‌ಹ್ಯಾಂಪ್ಟನ್ನಿನಲ್ಲಿ ೧೯೩೧ರಲ್ಲಿ ನಿರ್ಮಾಣವಾದ ಅದರ ಉದ್ದ ಸುಮಾರು ೨೮ ಅಡಿ. ತನ್ನ ಕಾದಂಬರಿಯ ಧೀರ ಬಾಲಕಿಯ ಹೆಸರನ್ನೇ ಅದಕ್ಕಿತ್ತು ‘ನ್ಯಾನ್ಸಿ ಬ್ಲ್ಯಾಕೆಟ್’ ಎಂದು ಕರೆದನು. ಅದರಲ್ಲಿ ಉತ್ತರ ಸಮುದ್ರವನ್ನು ದಾಟಿ ಹಾಲೆಂಡಿನ ಫ್ಲಶಿಂಗ್ ಬಂದರಿಗೆ ಹೋಗಿಬಂದನು. ೧೯೩೭ರಲ್ಲಿ ಹೊರಬಂದ ‘ವಿ ಡಿಡ್‌ನ್ಟ್ ಮೀನ್ ಟು ಗೋ ಟು ಸೀ’ ಎಂಬ ಕಾದಂಬರಿಯಲ್ಲಿ ಮಕ್ಕಳು ಸಮುದ್ರ ದಾಟುವ ‘ಗಾಬ್ಲಿನ್’ ದೋಣಿಯು ಈ ನ್ಯಾನ್ಸಿಯ ಪ್ರತಿರೂಪವೇ.

ಇಷ್ಟಾದರೂ ನ್ಯಾನ್ಸಿ ಆತನಲ್ಲಿ ಉಳಿಯಲಿಲ್ಲ. ದೋಣಿಯೊಳಗಿನ ಅಡುಗೆಯ ಸ್ಥಳ ತೀರ ಇಕ್ಕಟ್ಟೆಂಬುದು ಪತ್ನಿಯ ಆಕ್ಷೇಪವಾಗಿತ್ತು. ೧೯೩೮ರಲ್ಲಿ ಸುಮಾರು ೩೫ ಅಡಿಯ ‘ಸೆಲೀನಾ ಕಿಂಗ್’ ನೀರಿಗಿಳಿಯಿತು. ನ್ಯಾನ್ಸಿ ಪರರ ಪಾಲಾಯಿತು. ಮುಂದೆ ಬೇರೆ ದೋಣಿಗಳಿಗೆ ಒಡೆಯನಾದರೂ ಆ ಪುಟ್ಟ ದೋಣಿಯನ್ನು ಮಾರಿದ್ದಕ್ಕೆ ರಾನ್ಸಮ್ ವಿಷಾದಪಟ್ಟನು.

ಜೈನಾಚಾರ್ಯರು ಆರ್ತಧ್ಯಾನದಲ್ಲಿ ನಾಲ್ಕು ಬಗೆಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಇಷ್ಟವಿಯೋಗವೂ ಒಂದು. ಪ್ರಿಯವಾದುದು ಅಗಲಿದಾಗ ಅದು ಮರಳಿ ದೊರೆಯಲೆಂದು ಎಡೆಬಿಡದೆ ಚಿಂತಿಸುವುದೇ ಅದರ ಲಕ್ಷಣ. ಪಶ್ಚಾತ್ತಾಪದ ಸ್ವರೂಪ ಬೇರೆ. ಅದರ ದೃಷ್ಟಿ ತನ್ನ ನಡತೆಯ ಕಡೆಗಿರುತ್ತದೆ. ಪ್ರತಿಕ್ರಮಣಕ್ಕೆ ಅದೇ ಆಧಾರ. ‘ದೋಣಿ ಹೋಯಿತಲ್ಲ’ ಎಂಬುದು ಇಷ್ಟವಿಯೋಗ. ‘ಏಕೆ ಮಾರಿದೆ?’ ಎಂಬುದು ಆತ್ಮಪರೀಕ್ಷೆ. ಮೊದಲನೆಯದು ಮನಸ್ಸನ್ನು ಸುಮ್ಮನೆ ಸುಡುತ್ತದೆ. ಎರಡನೆಯದು ದಾರಿ ತೋರುತ್ತದೆ.

ಏಕೆ ಮಾರಿದೆ ಎಂಬ ಪ್ರಶ್ನೆಗೆ ಮೂರು ಬಗೆಯ ಉತ್ತರಗಳು ಸಾಧ್ಯ. ಸಾಲ ತೀರಿಸಲೆಂದೋ ರೋಗಿಯ ಚಿಕಿತ್ಸೆಗೆಂದೋ ಮಾರಿದ್ದರೆ ಅಲ್ಲಿ ದೋಷವಿಲ್ಲ. ದುಃಖವಾಗುವುದು ಸಹಜ, ಆದರೆ ತನ್ನನ್ನು ತಾನೇ ನಿಂದಿಸಿಕೊಳ್ಳಲು ಕಾರಣವಿಲ್ಲ. ಮನೆಯವರ ಅನುಕೂಲಕ್ಕಾಗಿ ಮಾರಿದ್ದರೆ ಅದು ಒಂದು ಬಗೆಯ ತ್ಯಾಗ. ಇಕ್ಕಟ್ಟಿನಲ್ಲಿ ಅಡುಗೆ ಮಾಡುವವಳ ಕಷ್ಟವನ್ನು ಗಣಿಸುವುದು ಧರ್ಮವೇ. ಆದರೆ ಹಾಗೆ ಬಿಟ್ಟುಕೊಟ್ಟು, ಆಮೇಲೆ ಅದನ್ನೇ ಎತ್ತಿ ಆಡಿ ಮನೆಯವರನ್ನು ದೂರುವವನು ಜಮಾ ಬರೆದ ಮೊತ್ತವನ್ನು ತಾನೇ ಮತ್ತೆ ಖರ್ಚಿಗೆ ಹಾಕಿದಂತಾಗುತ್ತದೆ.

ಮೂರನೆಯದು, ಸಾಕಾದುದನ್ನು ಕೊಟ್ಟು ಇನ್ನೂ ದೊಡ್ಡದನ್ನು ಬಯಸಿದ ಮಾರಾಟ. ಇಲ್ಲಿನ ವಿಷಾದದಲ್ಲಿ ಸತ್ಯಾಂಶವಿದೆ. ಶ್ರಾವಕನಿಗೆ ಪರಿಗ್ರಹ ಪರಿಮಾಣವನ್ನು ವಿಧಿಸಿದ್ದು ಇದಕ್ಕಾಗಿಯೇ. ಇಷ್ಟು ಸಾಕೆಂಬ ಮಿತಿಯನ್ನು ಆಸೆ ಹುಟ್ಟುವ ಮುನ್ನವೇ ನಿಶ್ಚಯಿಸಿಕೊಳ್ಳಬೇಕು. ಸಾಕೆಂಬ ಸುಖ ಕೈಯಲ್ಲಿದ್ದಾಗ ಅದರ ಬೆಲೆ ತಿಳಿಯುವುದಿಲ್ಲ. ಕೈಬಿಟ್ಟ ಮೇಲೆ ತಿಳಿಯುತ್ತದೆ. ಆಗ ಅಳಬೇಕಾದುದು ದೋಣಿಗಾಗಿ ಅಲ್ಲ, ಆ ತೃಪ್ತಿಯನ್ನು ಗುರುತಿಸದೆ ಹೋದುದಕ್ಕಾಗಿ. ಆ ತೃಪ್ತಿಯನ್ನು ಮತ್ತೆ ಪಡೆಯಲು ಹಳೆಯ ದೋಣಿಯೇ ಮರಳಿ ಬರಬೇಕಾಗಿಲ್ಲ.

ಹಾಗೆಂದು ಮಾರದೆ ಇಟ್ಟುಕೊಳ್ಳುವುದೇ ಪ್ರೀತಿಯೆಂದೂ, ಜೋಪಾನವೆಂದೂ ಹೇಳಲಾಗದು. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ೩೨ ಅಡಿಯ ‘ಸುಹೈಲಿ’ಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ೧೯೬೮-೬೯ರಲ್ಲಿ ಒಬ್ಬಂಟಿಯಾಗಿ, ಎಲ್ಲಿಯೂ ತಂಗದೆ, ೩೧೨ ದಿನಗಳಲ್ಲಿ ಭೂಪ್ರದಕ್ಷಿಣೆ ಮಾಡಿದನು. ಕೀರ್ತಿ ಪಡೆದ ಆ ದೋಣಿಯನ್ನು ಮುಂದೆ ಗ್ರೀನಿಚ್‌ನ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಯಿತು. ಅಲ್ಲಿಯ ಒಣಹವೆಯಲ್ಲಿ ಹಲಗೆಗಳು ಕುಗ್ಗತೊಡಗಿದವು. ೨೦೦೨ರಲ್ಲಿ ಅದನ್ನು ಹೊರತಂದು ದುರಸ್ತಿಗೆ ತೊಡಗಬೇಕಾಯಿತು. ದೋಣಿಯ ಹಿತವಿರುವುದು ನೀರಿನಲ್ಲಿ.

ರಾನ್ಸಮ್ ೧೯೬೭ರಲ್ಲಿ ತೀರಿಕೊಂಡನು. ನ್ಯಾನ್ಸಿಯಾದರೋ ಹಲವರ ಕೈ ದಾಟಿ, ಜೀರ್ಣಗೊಂಡು, ದುರಸ್ತಿ ಕಂಡಿತು. ೧೯೯೭ರಲ್ಲಿ ಅದಕ್ಕಾಗಿಯೇ ಏರ್ಪಟ್ಟ ಟ್ರಸ್ಟ್ ಒಂದರ ವಶಕ್ಕೆ ಬಂದು, ಆತನ ಓದುಗರನ್ನು ಹೊತ್ತು ಹಾಯಿ ಬಿಚ್ಚಿತು. ಒಡೆಯನು ಕಳೆದುಕೊಂಡೆನೆಂದು ಕೊರಗಿದುದು ಲೋಕಕ್ಕೆ ನಷ್ಟವಾಗಲಿಲ್ಲ. ಪ್ರಿಯವಾದುದನ್ನು ಮಾರಿ ಮರುಗುವವರು ಈ ಮಾತನ್ನು ನೆನೆದು, ಏಕೆ ಮಾರಿದೆನೆಂದು ಒಮ್ಮೆ ನಿಷ್ಠುರವಾಗಿ ಕೇಳಿಕೊಳ್ಳಲಿ. ಉತ್ತರ ದೊರೆತ ಮೇಲೆ ಕೊಂಡವನಿಗೆ ಮನಸಾರೆ ಶುಭವನ್ನು ಕೋರಲಿ. ಮಾರಾಟವು ಪೂರ್ಣವಾಗುವುದು ಆಗಲೇ.