ಏರುತ್ತಿರುವ ಮಂಚಗಳು

ನಿಮ್ಮ ಮನೆಯ ಮಂಚದ ಎತ್ತರವನ್ನು ಎಂದಾದರೂ ಅಳೆದು ನೋಡಿದ್ದೀರಾ? ನಮಾಝ್, ಝಕಾತ್, ಉಪವಾಸಗಳ ಬಗ್ಗೆ ಬರೆಯಬೇಕಾದ ಪುಟದಲ್ಲಿ ಮಂಚದ ಮಾತೇಕೆ ಎಂದು ನಿಮಗನಿಸಬಹುದು. ಆದರೆ ಮನುಷ್ಯನ ಆಯುಷ್ಯದ ಸುಮಾರು ಮೂರನೆಯ ಒಂದು ಪಾಲು ಹಾಸಿಗೆಯ ಮೇಲೆಯೇ ಕಳೆಯುತ್ತದೆ. ಮಲಗುವ ಮುನ್ನ ವುಝೂ ಮಾಡುವುದು, ಬಟ್ಟೆಯ ಅಂಚಿನಿಂದ ಹಾಸಿಗೆಯನ್ನು ಕೊಡವುವುದು, ಬಲಮಗ್ಗುಲಾಗಿ ಮಲಗುವುದು ಇವೆಲ್ಲವನ್ನೂ ನಮಗೆ ಕಲಿಸಿದ ಧರ್ಮವು ಹಾಸಿಗೆಯ ಕುರಿತು ಮೌನವಾಗಿರಲು ಸಾಧ್ಯವೇ?

ಕಳಸ, ಸಂಸೆ, ಬಾಳೆಹೊಳೆ ಕಡೆಯ ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ನೆಲದ ಮೇಲೆ ಚಾಪೆ, ಅದರ ಮೇಲೆ ಕಂಬಳಿ, ತಲೆಗೆ ಬೂರುಗದ ಅರಳೆಯ ದಿಂಬು. ಬೆಳಗಾದರೆ ಎಲ್ಲವನ್ನೂ ಸುತ್ತಿ ಮೂಲೆಗೆ ಒರಗಿಸಿದರೆ ಅದೇ ಕೋಣೆಯಲ್ಲಿ ಮಕ್ಕಳು ಓದುತ್ತಿದ್ದರು, ಅತಿಥಿಗಳು ಕೂರುತ್ತಿದ್ದರು, ಮನೆಯವರು ನಮಾಝ್ ಮಾಡುತ್ತಿದ್ದರು. ಕನ್ನಡದಲ್ಲಿ ಹಾಸಿಗೆ ಎಂದರೆ ಹಾಸುವಂಥದ್ದು. ಅರಬಿಯ 'ಫಿರಾಶ್' ಎಂಬ ಪದವೂ ಹಾಸು, ಹರಡು ಎಂಬ ಅರ್ಥದ ಧಾತುವಿನಿಂದಲೇ ಬಂದಿದೆ. ಎರಡು ಭಾಷೆಗಳೂ ಈ ವಸ್ತುವನ್ನು ರಾತ್ರಿ ಬಿಚ್ಚಿ ಬೆಳಿಗ್ಗೆ ಸುತ್ತಿಡುವ ಸಾಮಾನು ಎಂದೇ ಕಂಡವು. ಇಂದಿನ ಹಾಸಿಗೆಯನ್ನು ಸುತ್ತುವುದು ಹಾಗಿರಲಿ, ಅದನ್ನು ಬಿಸಿಲಿಗೆ ಹಾಕಬೇಕಾದರೂ ನಾಲ್ಕು ಜನ ಬೇಕು.

ಅನಂತರ ಮರದ ಮಂಚಗಳು ಬಂದವು. ಮಂಡಿಯ ಎತ್ತರದ ಮಂಚದ ಮೇಲೆ ಹತ್ತಿಯ ಹಾಸಿಗೆ. ನಮ್ಮ ರಾಜ್ಯದ ಕರ್ಲಾನ್ ಕಂಪೆನಿ 1962ರಲ್ಲಿ ಆರಂಭವಾಗಿ, ರಬ್ಬರು ಬೆರೆಸಿದ ತೆಂಗಿನ ನಾರಿನ ಹಾಸಿಗೆ ಊರೂರಿಗೆ ಪರಿಚಯವಾಯಿತು. ಅದರ ದಪ್ಪ ನಾಲ್ಕು ಇಂಚು. ಈಗ ಅಂಗಡಿಗೆ ಹೋದರೆ ಆರು, ಎಂಟು, ಹತ್ತು, ಹನ್ನೆರಡು ಇಂಚಿನ ಹಾಸಿಗೆಗಳನ್ನು ತೋರಿಸುತ್ತಾರೆ. ಒಳಗೆ ಸ್ಪ್ರಿಂಗ್ ಇಡಬೇಕಾದರೆ ಅಷ್ಟು ದಪ್ಪ ಬೇಕೇ ಬೇಕು. ಸ್ಪ್ರಿಂಗಿನ ಮೇಲೆ ಒಂದು ಪದರ ಫೋಮ್, ಅದರ ಮೇಲೆ ಇನ್ನೊಂದು. ಅಡಿಯಲ್ಲಿ ಕಂಬಳಿ ತುಂಬಿಸಲು ಪೆಟ್ಟಿಗೆಯಂತಹ ಮಂಚ. ಎಲ್ಲ ಸೇರಿ ನೆಲದಿಂದ ಇಪ್ಪತ್ತೆಂಟು ಮೂವತ್ತು ಇಂಚು ಎತ್ತರವಾಗುತ್ತದೆ. ನಾವು ಕೂರುವ ಕುರ್ಚಿಯ ಎತ್ತರ ಹದಿನೆಂಟು ಇಂಚಿನ ಆಸುಪಾಸು. ಅಂದರೆ ಕುರ್ಚಿಗಿಂತ ಒಂದು ಗೇಣಿಗೂ ಹೆಚ್ಚು ಮೇಲೆ ನಾವು ಮಲಗುತ್ತಿದ್ದೇವೆ.

ಇದು ಹರಾಮೇ? ಖಂಡಿತ ಅಲ್ಲ. ಅಲ್ಲಾಹನು ಹರಾಮ್ ಮಾಡದ್ದನ್ನು ಹರಾಮ್ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಪ್ರವಾದಿವರ್ಯರ(ಸ) ಮನೆಯಲ್ಲೂ ಮಂಚವಿತ್ತು. ತಾವು ಮಂಚದ ಮೇಲೆ ಮಲಗಿರುವಾಗ ಪ್ರವಾದಿವರ್ಯರು(ಸ) ಅದರ ಕಡೆಗೆ ಮುಖಮಾಡಿ ನಮಾಝ್ ಮಾಡುತ್ತಿದ್ದುದನ್ನು ಹಝ್ರತ್ ಆಯಿಶಾ(ರ) ಹೇಳಿರುವುದು ಸಹೀಹ್ ಬುಖಾರಿಯಲ್ಲಿದೆ. ಜಾನುವಾರುಗಳ ಉಣ್ಣೆ, ತುಪ್ಪಳ, ಕೂದಲುಗಳಿಂದ ಮನೆಯ ಸಾಮಾನುಗಳನ್ನು ಒದಗಿಸಿದ್ದನ್ನು ಅಲ್ಲಾಹನು ಸೂರಃ ಅನ್ನಹ್ಲ್‌ನಲ್ಲಿ ತನ್ನ ಅನುಗ್ರಹಗಳ ಸಾಲಿನಲ್ಲಿಯೇ ಎಣಿಸಿದ್ದಾನೆ. ಅದರಲ್ಲೂ ಮಲೆನಾಡಿನವರಿಗೆ ಮಂಚದ ಬೆಲೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಸರುತ್ತದೆ, ಗೋಡೆ ಬೆವರುತ್ತದೆ. ಚೇಳು, ಜರಿ, ಜಿಗಣೆಗಳು ಒಳಗೆ ಬರುತ್ತವೆ. ಅಂತಹ ಕಡೆ ನೆಲದ ಮೇಲೆ ಮಲಗುವುದೇ ತಖ್ವಾ ಎಂದು ಯಾರಾದರೂ ಉಪದೇಶಿಸಿದರೆ ಅವರು ಒಂದು ಮಳೆಗಾಲ ಇಲ್ಲಿದ್ದು ನೋಡಲಿ.

ಆದರೆ ನೆಲದ ಶೀತದಿಂದ ತಪ್ಪಿಸಿಕೊಳ್ಳಲು ಮಂಡಿಯೆತ್ತರದ ಮಂಚ ಸಾಕು. ಅದರಾಚೆಗಿನ ಎತ್ತರ ಯಾವುದಕ್ಕಾಗಿ ಎಂಬುದೇ ಪ್ರಶ್ನೆ.

ಪ್ರವಾದಿವರ್ಯರ(ಸ) ಹಾಸಿಗೆ ಹೇಗಿತ್ತು? ಚರ್ಮದ ಚೀಲದೊಳಗೆ ಖರ್ಜೂರದ ಮರದ ನಾರು ತುಂಬಿದ್ದು ಎಂದು ಹಝ್ರತ್ ಆಯಿಶಾ(ರ) ವಿವರಿಸಿದ್ದಾರೆ. ಅವರ ಖರ್ಜೂರದ ನಾರಿಗೂ ನಮ್ಮ ತೆಂಗಿನ ನಾರಿಗೂ ಹೆಚ್ಚಿನ ಅಂತರವಿಲ್ಲ. ಹಝ್ರತ್ ಹಫ್ಸಾರಿಂದ(ರ) ಉದ್ಧರಿಸಲಾಗಿ ಇಮಾಮ್ ತಿರ್ಮಿದಿಯವರ ಶಮಾಇಲ್‌ನಲ್ಲಿ ಬಂದಿರುವ ಒಂದು ವೃತ್ತಾಂತ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾಗಿದೆ. ಅವರ ಮನೆಯಲ್ಲಿ ಒಂದು ಒರಟು ಬಟ್ಟೆಯನ್ನು ಎರಡು ಮಡಿಕೆ ಮಾಡಿ ಪ್ರವಾದಿವರ್ಯರಿಗಾಗಿ(ಸ) ಹಾಸುತ್ತಿದ್ದರು. ಒಂದು ರಾತ್ರಿ, ನಾಲ್ಕು ಮಡಿಕೆ ಮಾಡಿದರೆ ಇನ್ನಷ್ಟು ಮೆತ್ತಗಿರಬಹುದೆಂದು ಹಾಗೆಯೇ ಹಾಸಿದರು. ಬೆಳಿಗ್ಗೆ ಪ್ರವಾದಿವರ್ಯರು(ಸ) ರಾತ್ರಿ ಏನು ಹಾಸಿದ್ದಿರೆಂದು ವಿಚಾರಿಸಿದರು. ನಡೆದುದನ್ನು ತಿಳಿಸಿದಾಗ, ಅದನ್ನು ಮೊದಲಿನಂತೆಯೇ ಮಾಡುವಂತೆ ಹೇಳಿ, ಅದರ ಮೆದುತನವು ರಾತ್ರಿಯ ನಮಾಝ್‌ನಿಂದ ತಮ್ಮನ್ನು ತಡೆಯಿತೆಂದರು.

ಗಮನಿಸಿ: ಪತ್ನಿ ಮಾಡಿದ್ದು ಪ್ರೀತಿಯಿಂದ. ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ, ಬಟ್ಟೆಯನ್ನು ಎಸೆಯಲೂ ಇಲ್ಲ. ಎರಡು ಮಡಿಕೆ ಬಿಚ್ಚಲು ಹೇಳಿದರು, ಅಷ್ಟೇ. ಅವರು ಅಳೆದದ್ದು ಬಟ್ಟೆಯ ದಪ್ಪವನ್ನಲ್ಲ, ಎದ್ದ ಹೊತ್ತನ್ನು. ಈ ಅಳತೆಗೋಲನ್ನು ನಮ್ಮ ಮನೆಗೂ ತರಬಹುದು. ಹತ್ತು ಇಂಚಿನ ಹಾಸಿಗೆಯ ಮೇಲೆ ಮಲಗಿ ಫಜ್ರ್‌ನ ಅದಾನ್‌ಗೆ ಮುಂಚೆ ಏಳುವವರಿದ್ದರೆ ಅವರ ಹಾಸಿಗೆಯ ಕುರಿತು ನನಗೇನೂ ಆಕ್ಷೇಪವಿಲ್ಲ. ಚಾಪೆಯ ಮೇಲೆ ಮಲಗಿ ಬಿಸಿಲೇರುವವರೆಗೆ ಗೊರಕೆ ಹೊಡೆಯುವವರೂ ಇದ್ದಾರೆ. ಅವರ ಚಾಪೆಗೆ ಯಾವ ಪುಣ್ಯವೂ ಇಲ್ಲ. ಮಲಗಿದವನ ತಲೆಯ ಹಿಂದೆ ಶೈತಾನನು ಮೂರು ಗಂಟು ಹಾಕುವನೆಂದೂ, ಅಲ್ಲಾಹನ ಸ್ಮರಣೆ, ವುಝೂ, ನಮಾಝ್‌ಗಳಿಂದ ಒಂದೊಂದೇ ಗಂಟು ಬಿಚ್ಚುವುದೆಂದೂ ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಕಳಸದ ಡಿಸೆಂಬರ್ ಚಳಿಯಲ್ಲಿ ರಗ್ಗಿನೊಳಗಿಂದ ಕೈ ಹೊರಗೆ ಹಾಕುವುದೇ ಒಂದು ಜಿಹಾದ್. ಅದರ ಮೇಲೆ ದೇಹವನ್ನು ಒಳಗೆಳೆದುಕೊಳ್ಳುವ ಹಾಸಿಗೆಯೂ ಸೇರಿದರೆ ಮೊದಲ ಗಂಟು ಬಿಚ್ಚುವುದೇ ಕಷ್ಟ.

ನಮ್ಮ ಗುಡ್ಡಗಳ ಕಾಫಿಗೂ ಈ ವಿಷಯಕ್ಕೂ ಸಂಬಂಧವಿದೆ. ಹದಿನೈದನೆಯ ಶತಮಾನದಲ್ಲಿ ಯಮನಿನ ಸೂಫಿಗಳು ರಾತ್ರಿಯ ಆರಾಧನೆಗೆ ಎಚ್ಚರವಾಗಿರಲು ಕಾಫಿ ಕುಡಿಯುತ್ತಿದ್ದರು. ಹಜ್ಜ್‌ನಿಂದ ಮರಳುವಾಗ ಬಾಬಾ ಬುಡನ್ ಅಲ್ಲಿಂದ ಏಳು ಬೀಜಗಳನ್ನು ನಮ್ಮ ಜಿಲ್ಲೆಯ ಗಿರಿಗೆ ತಂದರೆಂಬುದು ಪ್ರತೀತಿ. ಹಾಸಿಗೆಯಿಂದ ಏಳುವುದಕ್ಕಾಗಿ ಕುಡಿದ ಪಾನೀಯವನ್ನು ಬೆಳೆದು, ಮಾರಿ, ಆ ಹಣದಿಂದ ಏಳಲಾಗದಂತಹ ಹಾಸಿಗೆಯನ್ನು ಕೊಳ್ಳುತ್ತಿದ್ದೇವೆ ಎಂದು ನನಗೆ ಕೆಲವೊಮ್ಮೆ ಅನಿಸುವುದುಂಟು.

ಎತ್ತರದ ಹಾಸಿಗೆಗಳ ಪ್ರಸ್ತಾಪ ಪವಿತ್ರ ಕುರ್‌ಆನಿನಲ್ಲೂ ಇದೆ. ಸೂರಃ ಅಲ್‌ವಾಖಿಅದಲ್ಲಿ ಎತ್ತರಿಸಿದ ಹಾಸಿಗೆಗಳ ಕುರಿತೂ, ಅಲ್‌ಗಾಶಿಯದಲ್ಲಿ ಎತ್ತರಿಸಿದ ಮಂಚಗಳ ಕುರಿತೂ ಹೇಳಲಾಗಿದೆ. ಆದರೆ ಅವು ಸ್ವರ್ಗದಲ್ಲಿವೆ. ಅದೇ ಕುರ್‌ಆನ್ ಸೂರಃ ಅಸ್ಸಜ್‌ದದಲ್ಲಿ (32:16) ಯಾರ ಪಕ್ಕೆಗಳು ಹಾಸಿಗೆಯಿಂದ ದೂರವಾಗಿ, ಭಯ ಮತ್ತು ನಿರೀಕ್ಷೆಯಿಂದ ತಮ್ಮ ಪ್ರಭುವನ್ನು ಪ್ರಾರ್ಥಿಸುತ್ತವೆಯೋ ಅವರನ್ನು ಪ್ರಶಂಸಿಸುತ್ತದೆ. ಸೂರಃ ಅಝ್ಝುಖ್‌ರುಫ್ (43:33-34) ಇನ್ನೊಂದು ಸಂಗತಿಯನ್ನು ತಿಳಿಸುತ್ತದೆ. ಜನರೆಲ್ಲ ಒಂದೇ ದಾರಿ ಹಿಡಿದುಬಿಡುವ ಅಪಾಯವಿಲ್ಲದಿದ್ದರೆ ಅಲ್ಲಾಹನು ನಿಷೇಧಿಗಳ ಮನೆಗಳಿಗೆ ಬೆಳ್ಳಿಯ ಚಾವಣಿಗಳನ್ನೂ, ಏರಿಹೋಗುವ ಮೆಟ್ಟಿಲುಗಳನ್ನೂ, ಒರಗಿಕೊಳ್ಳುವ ಮಂಚಗಳನ್ನೂ ಕೊಟ್ಟುಬಿಡುತ್ತಿದ್ದನು. ಅವನ ಬಳಿ ಇವುಗಳ ಬೆಲೆ ಅಷ್ಟೇ. ಚಾಪೆಯ ಗುರುತು ಮೂಡಿದ್ದ ಪ್ರವಾದಿವರ್ಯರ(ಸ) ಪಕ್ಕೆಯನ್ನು ಕಂಡು ಹಝ್ರತ್ ಉಮರ್(ರ) ಅತ್ತರು. ಕೋಣೆಯಲ್ಲಿ ಒಂದಿಷ್ಟು ಬಾರ್ಲಿ, ಹದ ಮಾಡದ ಚರ್ಮ ಬಿಟ್ಟರೆ ಬೇರೇನೂ ಇರಲಿಲ್ಲ. ಕಿಸ್ರಾ ಮತ್ತು ಕೈಸರರ ವೈಭವವನ್ನು ಅವರು ನೆನಪಿಸಿದಾಗ, ಇಹಲೋಕ ಅವರಿಗೂ ಪರಲೋಕ ನಮಗೂ ಇರುವುದು ನಿಮಗೆ ಸಮ್ಮತವಲ್ಲವೇ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಕೇಳಿದರು.

ಇನ್ನು ಮನೆಯ ಹಿರಿಯರ ವಿಷಯ. ನನಗೆ ತಿಳಿದಿರುವ ಒಂದು ಮನೆಯಲ್ಲಿ ಮಗನು ಹೊಸ ಮಂಚ ತಂದಾಗ ಮೊದಲು ತಾಯಿಯನ್ನೇ ಅದರಲ್ಲಿ ಮಲಗಿಸಿದನು. 'ಉಮ್ಮಾ, ಇನ್ನು ನೀವು ಇದರಲ್ಲೇ ಮಲಗಬೇಕು' ಎಂದು ಒತ್ತಾಯಿಸಿದನು. ಒಳ್ಳೆಯ ಮಗ, ಸಂದೇಹವಿಲ್ಲ. ಆದರೆ ಆ ವೃದ್ಧೆ ಅಂಚಿನಲ್ಲಿ ಕುಳಿತರೆ ಪಾದಗಳು ನೆಲಕ್ಕೆ ತಾಗುತ್ತಿರಲಿಲ್ಲ. ಅವರು ವರ್ಷಾನುಗಟ್ಟಲೆ ಯಾರನ್ನೂ ಎಬ್ಬಿಸದೆ ತಹಜ್ಜುದ್‌ಗೆ ತಾವೇ ಎದ್ದು, ಗೋಡೆ ಹಿಡಿದು ಬಚ್ಚಲಿಗೆ ಹೋಗಿ ವುಝೂ ಮಾಡಿ ಬರುತ್ತಿದ್ದವರು. ಈಗ ಇಳಿಯಲು ಸೊಸೆಯನ್ನು ಕರೆಯಬೇಕು. ದಿನವಿಡೀ ದುಡಿದು ಮಲಗಿದವಳನ್ನು ಎಬ್ಬಿಸಲು ಮನಸ್ಸಾಗದೆ ಅವರು ಕರೆಯುವುದನ್ನೇ ನಿಲ್ಲಿಸಿದರು. ತಹಜ್ಜುದ್ ನಿಂತಿತು. ರಾತ್ರಿ ಬಚ್ಚಲಿಗೆ ಹೋಗಬೇಕಾದೀತೆಂದು ಸಂಜೆಯ ನಂತರ ನೀರು ಕುಡಿಯುವುದನ್ನೂ ಬಿಟ್ಟರು. ಮಗನಿಗೆ ಇದು ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಪೆಟ್ಟಿಗೆಯಂತಹ ಮಂಚ, ಕಾಲು ಕೊಯ್ಯಿಸೋಣವೆಂದರೆ ಅದಕ್ಕೆ ಕಾಲೇ ಇಲ್ಲ! ಕೊನೆಗೆ ಅಟ್ಟದಿಂದ ತಂದೆಯ ಕಾಲದ ಹಲಗೆಯ ಮಂಚವನ್ನು ಇಳಿಸಿದರು.

ಗೋಡೆಯಿಲ್ಲದ ತಾರಸಿಯ ಮೇಲೆ ಮಲಗುವುದರ ವಿರುದ್ಧ ಪ್ರವಾದಿವರ್ಯರು(ಸ) ಎಚ್ಚರಿಸಿರುವುದು ಅಬೂದಾವೂದ್‌ನಲ್ಲಿದೆ. ನಿದ್ದೆಗಣ್ಣಿನಲ್ಲಿ ಬೀಳುವ ಅಪಾಯವನ್ನು ಶರೀಅತ್ ಅಷ್ಟು ಗಂಭೀರವಾಗಿ ಕಂಡಿದೆ. ಮಂಚವು ತಾರಸಿಯಲ್ಲ, ನಿಜ. ಆದರೆ ಎಪ್ಪತ್ತು ದಾಟಿದವರ ಸೊಂಟದ ಮೂಳೆ ಮುರಿಯಲು ತಾರಸಿಯ ಎತ್ತರವೇನೂ ಬೇಕಾಗಿಲ್ಲ. ಅಂಚಿನಲ್ಲಿ ಕುಳಿತರೆ ಎರಡೂ ಪಾದಗಳು ನೆಲದ ಮೇಲೆ ಪೂರ್ತಿ ಊರಬೇಕು, ಮಂಡಿ ಚಚ್ಚೌಕವಾಗಿ ಮಡಚಬೇಕು. ತಂದೆತಾಯಿಗೆ ಮಂಚ ಕೊಳ್ಳುವವರು ಅವರನ್ನೇ ಅಂಗಡಿಗೆ ಕರೆದೊಯ್ದು ಕೂರಿಸಿ ನೋಡಲಿ.

ಮದುವೆಯ ಮಾತು ಹೇಳದೆ ಈ ವಿಷಯ ಮುಗಿಯದು. ಎತ್ತರದ ಮಂಚಗಳಲ್ಲಿ ಎಷ್ಟೋ ನಮ್ಮ ಮನೆಗಳನ್ನು ಪ್ರವೇಶಿಸುವುದು ಹೆಣ್ಣಿನ ಕಡೆಯ ಲಾರಿಯಲ್ಲಿ. ಮಂಚ, ಹಾಸಿಗೆ, ಕಪಾಟು ಎಲ್ಲವನ್ನೂ ಆಕೆಯ ತಂದೆ ಕೊಡಬೇಕೆಂಬುದು ನಮ್ಮಲ್ಲಿ ಬರೆಯದ ಕಾನೂನಾಗಿದೆ. ಕೂಲಿ ಮಾಡುವ ಅಥವಾ ಎರಡೆಕರೆ ಕಾಫಿ ಇಟ್ಟುಕೊಂಡಿರುವ ತಂದೆ ಇದಕ್ಕಾಗಿ ಸಾಲಕ್ಕೆ ಕೈ ಒಡ್ಡುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಈಗ ಹಾಸಿಗೆ ಅಳಿಯನದು, ಕಾಲು ಚಾಚುವವನೂ ಅವನೇ, ಸಾಲ ಮಾತ್ರ ಮಾವನದು.

ಶರೀಅತ್ ಏನು ಹೇಳುತ್ತದೆ? ಇಮಾಮ್ ನವವಿಯವರ ಮಿನ್‌ಹಾಜ್‌ನಲ್ಲಿ ಪತ್ನಿಯ ಜೀವನಾಂಶದ ಅಧ್ಯಾಯವನ್ನು ತೆರೆದು ನೋಡಿ. ಆಕೆ ಕೂರಲು ಚಾಪೆ ಅಥವಾ ಜಮಖಾನ, ಮಲಗಲು ಹಾಸಿಗೆ, ತಲೆದಿಂಬು, ಚಳಿಗಾಲದಲ್ಲಿ ಹೊದಿಕೆ ಇವೆಲ್ಲವನ್ನೂ ಒದಗಿಸುವುದು ಪತಿಯ ಹೊಣೆ. ಹನಫೀ ಫಿಕ್ಹ್‌ನಲ್ಲೂ ಹಾಸಿಗೆ ಹೊದಿಕೆಗಳು ಪತಿಯ ಮೇಲಿನ ಹಕ್ಕೇ. ಅಂದರೆ ಮದುಮಗಳು ಮಲಗುವ ಹಾಸಿಗೆಯನ್ನು ಕೊಳ್ಳಬೇಕಾದವನು ಮದುಮಗ. ಅದನ್ನು ಮಾವನಿಂದ ಕೇಳಿ ಪಡೆಯುವವನು ತನ್ನ ಮೇಲಿನ ಸಾಲವನ್ನು ಇನ್ನೊಬ್ಬನಿಂದ ತೀರಿಸಿಕೊಳ್ಳುತ್ತಿದ್ದಾನೆ. ತನ್ನ ಪ್ರೀತಿಯ ಪುತ್ರಿ ಫಾತಿಮಾರಿಗೆ(ರ) ಪ್ರವಾದಿವರ್ಯರು(ಸ) ಕೊಟ್ಟಿದ್ದು ಒಂದು ಹೊದಿಕೆ, ಒಂದು ನೀರಿನ ಚೀಲ, ಇದ್‌ಖಿರ್ ಹುಲ್ಲು ತುಂಬಿದ ಚರ್ಮದ ಒಂದು ದಿಂಬು. ಅದನ್ನು ತೋರಿಸಿ ನಮ್ಮ ವರದಕ್ಷಿಣೆಯನ್ನು ಸಮರ್ಥಿಸುವವರು, ಆ ಮೂರನ್ನೇ ಸ್ವೀಕರಿಸಿ ತೃಪ್ತರಾಗಲು ಸಿದ್ಧರಿದ್ದಾರೆಯೇ?

ಸಹೀಹ್ ಮುಸ್ಲಿಮ್‌ನಲ್ಲಿ ಹಝ್ರತ್ ಜಾಬಿರ್(ರ) ಉದ್ಧರಿಸಿರುವ ಹದೀಸಿನ ಪ್ರಕಾರ ಪುರುಷನಿಗೊಂದು ಹಾಸಿಗೆ, ಪತ್ನಿಗೊಂದು, ಮೂರನೆಯದು ಅತಿಥಿಗೆ, ನಾಲ್ಕನೆಯದು ಶೈತಾನನಿಗೆ. ಅಗತ್ಯ ಮೀರಿ ಬಡಾಯಿಗಾಗಿ ಇಟ್ಟುಕೊಂಡದ್ದು ಎಂದು ವಿದ್ವಾಂಸರು ನಾಲ್ಕನೆಯದನ್ನು ವಿವರಿಸಿದ್ದಾರೆ. ಮೂರನೆಯ ಹಾಸಿಗೆಯ ಕಡೆಗೂ ನಿಮ್ಮ ಗಮನ ಸೆಳೆಯಬಯಸುತ್ತೇನೆ. ಅತಿಥಿಯ ಹಾಸಿಗೆ ಮನೆಯ ಹಕ್ಕಿನ ಹಾಸಿಗೆಯಾಗಿತ್ತು. ಹಿಂದೆ ಹತ್ತು ಜನ ಬಂದರೂ ಹತ್ತು ಚಾಪೆ ಬಿಚ್ಚುತ್ತಿದ್ದರು. ಈಗ ಕೋಣೆಯನ್ನೆಲ್ಲ ಆ ಮಂಚವೇ ತುಂಬಿಕೊಂಡಿರುವುದರಿಂದ ಇಬ್ಬರು ನೆಂಟರು ಬಂದರೂ ಮನೆಯೊಡತಿಯ ಮುಖ ಸಣ್ಣದಾಗುತ್ತದೆ.

2019ರ ಆಗಸ್ಟ್‌ನ ಮಳೆಯನ್ನು ಮೂಡಿಗೆರೆ, ಕಳಸದವರು ಮರೆತಿರಲಾರರು. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿತು. ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಜರಿಯಿತು. ಎಲ್ಲ ಜಾತಿಧರ್ಮಗಳ ಜನ ಮನೆ ಬಿಟ್ಟು ಪರಿಹಾರ ಕೇಂದ್ರಗಳ ನೆಲದ ಮೇಲೆ ಒಂದೇ ಸಾಲಿನಲ್ಲಿ ಮಲಗಿದರು. ಹೆಗಲಿಗೇರಿಸಿಕೊಂಡು ಹೊರಡಬಹುದಾಗಿದ್ದದ್ದು ಒಂದು ಕಂಬಳಿ ಮಾತ್ರ.

ಕೊನೆಯದಾಗಿ ಒಂದು ಕೆಲಸದ ಮಾತು. ಹೊಸ ಹಾಸಿಗೆ ಬಂದ ಮನೆಗಳಲ್ಲಿ ಹಳೆಯ ನಾರಿನ ಹಾಸಿಗೆ, ಹತ್ತಿಯ ಹಾಸಿಗೆಗಳು ಅಟ್ಟದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಬೂಸಲು ಹಿಡಿಯುತ್ತಿವೆ. ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕೆಲಸಗಾರರ ಕುಟುಂಬಗಳಿವೆ. ಅವರಲ್ಲಿ ಎಷ್ಟೋ ಮಂದಿ ಶುಕ್ರವಾರ ನಮ್ಮ ಪಕ್ಕದಲ್ಲೇ ಸಫ್‌ನಲ್ಲಿ ನಿಲ್ಲುವವರು. ಅವರು ಈ ಮಳೆಯಲ್ಲಿ ಏನನ್ನು ಹಾಸಿ ಮಲಗುತ್ತಾರೆಂದು ಒಮ್ಮೆ ಒಳಗೆ ಹೋಗಿ ನೋಡಿ. ಅನೇಕ ಕಡೆ ಗೊಬ್ಬರದ ಖಾಲಿ ಚೀಲಗಳ ಮೇಲೆ ಒಂದು ತೆಳ್ಳನೆಯ ಚಾಪೆ ಇರುತ್ತದೆ. ಹಳೆಯ ಹಾಸಿಗೆಯನ್ನು ಎರಡು ದಿನ ಬಿಸಿಲಿಗೆ ಹಾಕಿ, ಶುದ್ಧವಾದ ಒಂದು ಹೊದಿಕೆ ಹೊದಿಸಿ, ಮಳೆಗಾಲ ಆರಂಭವಾಗುವ ಮುನ್ನವೇ ತಲುಪಿಸಿ. ಹರಿದದ್ದನ್ನು ಕೊಡಬೇಡಿ. ಕತ್ತಲಾದ ಮೇಲೆ ಕೊಟ್ಟು ಬಂದರೆ ಇನ್ನೂ ಒಳ್ಳೆಯದು.