ಮರಿಯಳಿಗೆ ಇಲ್ಲ, ತೋಮನಿಗೆ ಉಂಟು

2015ರಲ್ಲಿ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂ ತನ್ನ ಆರು ವರ್ಣಚಿತ್ರಗಳ ಉಬ್ಬು ಪ್ರತಿಗಳನ್ನು ಮಾಡಿಸಿ, ಅಂಧರು ಬೆರಳಿನಿಂದ ತಡವಿ ನೋಡಲೆಂದು ಪ್ರದರ್ಶಿಸಿತು. ಅವುಗಳಲ್ಲೊಂದರ ಮೂಲ ಇಟಲಿಯ ಕೊರೆಜೊ ಬಿಡಿಸಿದ್ದು: ಸಮಾಧಿಯಿಂದ ಎದ್ದುಬಂದ ಯೇಸು, ಎದುರಿಗೆ ಮೊಣಕಾಲೂರಿದ ಮಗ್ದಲದ ಮರಿಯಳು. ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ತನ್ನನ್ನು ಮುಟ್ಟಬಾರದೆಂದು ಆಕೆಗೆ ಹೇಳುವ ಗಳಿಗೆ ಅದು.

ಅದೇ ಅಧ್ಯಾಯದಲ್ಲಿ ಇನ್ನೊಂದು ಪ್ರಸಂಗವಿದೆ. ಗಾಯವನ್ನು ಮುಟ್ಟಿ ನೋಡದೆ ನಂಬಲಾರೆ ಎಂದ ಶಿಷ್ಯ ತೋಮನಿಗೆ, ಕೈ ಚಾಚು ಎಂದು ಯೇಸುವೇ ಹೇಳುತ್ತಾನೆ. ಹಾಗಾದರೆ ಸ್ಪರ್ಶವೆಂದರೆ ನಂಬಿಕೆಯ ಕೊರತೆಯೋ, ಅರಿವಿನ ದಾರಿಯೋ? ಕಾಣದೆ ನಂಬಿದವರನ್ನು ಸುವಾರ್ತೆ ಧನ್ಯರೆನ್ನುತ್ತದೆ, ನಿಜ. ಆದರೆ ತೋಮನ ಬಯಕೆಯನ್ನು ತಳ್ಳಿಹಾಕುವುದಿಲ್ಲ.

ಕಲೆಯಲ್ಲೂ ಸ್ಪರ್ಶವನ್ನು ಅರಿವಿನ ದಾರಿಯೆಂದೇ ಕಂಡವರುಂಟು. ಜರ್ಮನ್ ಚಿಂತಕ ಹೆರ್ಡರ್ 1778ರಲ್ಲಿ ಶಿಲ್ಪಕಲೆಯ ಬಗ್ಗೆ ಬರೆದ ಪುಸ್ತಕದಲ್ಲಿ, ಚಿತ್ರ ಕಣ್ಣಿಗೆ ಸೇರಿದ್ದು, ಶಿಲ್ಪ ಸ್ಪರ್ಶಕ್ಕೆ ಸೇರಿದ್ದು ಎಂದು ವಾದಿಸಿದ. ಈ ವಾದವನ್ನು ಒಪ್ಪಿದರೆ, ಹಗ್ಗ ಕಟ್ಟಿ ದೂರ ನಿಲ್ಲಿಸುವ ಗ್ಯಾಲರಿಯಲ್ಲಿ ಕಣ್ಣಿರುವವರೂ ಶಿಲ್ಪವನ್ನು ಅರ್ಧವಷ್ಟೇ ಕಂಡಿರುತ್ತಾರೆ. ಹಗ್ಗ ಕಟ್ಟಲು ಕಾರಣವೂ ಇದೆ: ಸಾವಿರಾರು ಕೈಗಳ ಬೆವರು, ಜಿಡ್ಡು ಕಲ್ಲನ್ನೂ ಕೆಡಿಸುತ್ತವೆ. ಮುಂದಿನ ತಲೆಮಾರಿಗೆ ಉಳಿಸುವ ಹೊಣೆ ಸಣ್ಣದಲ್ಲ. ಆದರೆ ಇನ್ನೂ ಹುಟ್ಟದವರ ಹಕ್ಕಿಗಾಗಿ ಇಂದು ಬಾಗಿಲಲ್ಲಿ ನಿಂತಿರುವ ಅಂಧರನ್ನು ಪೂರ್ತಿ ಹೊರಗಿಡುವುದು ನ್ಯಾಯವಲ್ಲ.

ಇಟಲಿಯ ಆಂಕೋನಾ ನಗರ ಬೇರೆ ದಾರಿ ಹಿಡಿಯಿತು. ಸ್ವತಃ ಅಂಧರಾದ ಆಲ್ಡೊ ಗ್ರಾಸ್ಸಿನಿ, ಡ್ಯಾನಿಯೆಲಾ ಬೊಟ್ಟೆಗೋನಿ ದಂಪತಿಯ ಕನಸಿನಂತೆ 1993ರಲ್ಲಿ ಅಲ್ಲಿ ಓಮೆರೊ ಸ್ಪರ್ಶ ಮ್ಯೂಸಿಯಂ ಹುಟ್ಟಿತು. 1999ರಲ್ಲಿ ಅದಕ್ಕೆ ರಾಷ್ಟ್ರೀಯ ಮನ್ನಣೆ ಸಿಕ್ಕಿತು. ಪ್ರಸಿದ್ಧ ಶಿಲ್ಪಗಳ ಅಚ್ಚುಪ್ರತಿಗಳಷ್ಟೇ ಅಲ್ಲ, ಆಧುನಿಕ ಕಲಾವಿದರ ಮೂಲ ಕೃತಿಗಳನ್ನೂ ಅಲ್ಲಿ ಅಂಧರು, ಕಣ್ಣಿರುವವರು ಎಲ್ಲರೂ ಮುಟ್ಟಿಯೇ ನೋಡಬಹುದು.