ಏನೂ ಆಗದವರ ಮನೆಗೆ

ಎಪಿಡೆಮಿಯಾಲಜಿಯಲ್ಲಿ, ಅಂದರೆ ರೋಗ ಹರಡುವ ಬಗೆಯ ಅಧ್ಯಯನದಲ್ಲಿ, ಪಿಎಚ್‌ಡಿ ಮಾಡಲು ಹೊರಟವರಿಗೆಲ್ಲ ವೈದ್ಯ ಜಾನ್ ಸ್ನೋ ಕಥೆ ಗೊತ್ತು. 1854ರ ಲಂಡನ್, ಕಾಲರಾ, ಬ್ರಾಡ್ ಸ್ಟ್ರೀಟಿನ ನೀರಿನ ಪಂಪು, ಸೆಪ್ಟೆಂಬರ್ 8ರಂದು ಅದರ ಹಿಡಿ ಕಳಚಿದ್ದು. ಆ ಬೀದಿಯ ಬ್ರೂವರಿಯ ಕೆಲಸಗಾರರು ಬೀರು ಕುಡಿದು ಬಚಾವಾದರೆಂದೂ ಸ್ನೋ ಬರೆದಿದ್ದಾನೆ. ತರಗತಿಯಲ್ಲಿ ಹೆಚ್ಚಿನವರಿಗೆ ನೆನಪುಳಿಯುವುದು ಅದೊಂದೇ!

ನನ್ನನ್ನು ಹಿಡಿದು ನಿಲ್ಲಿಸುವವನು ಅಲ್ಲಿಯ ಕಿರಿಯ ಪಾದ್ರಿ ಹೆನ್ರಿ ವೈಟ್‌ಹೆಡ್. ಅವನು ವೈದ್ಯನಲ್ಲ. ನೀರಿನಿಂದ ರೋಗ ಬಂತೆಂಬ ಸ್ನೋ ಮಾತು ಅವನಿಗೆ ಒಪ್ಪಿಗೆಯಾಗಲಿಲ್ಲ. ಸುಳ್ಳೆಂದು ತೋರಿಸಲೆಂದೇ ಮನೆ ಮನೆ ತಿರುಗಿದ. ಕೆಲವರ ಬಾಗಿಲಿಗೆ ಮತ್ತೆ ಮತ್ತೆ ಹೋದ. ಸ್ನೋ ಹೆಚ್ಚಾಗಿ ವಿಚಾರಿಸಿದ್ದು ಸತ್ತವರು ಯಾವ ನೀರು ಕುಡಿದಿದ್ದರೆಂದು. ವೈಟ್‌ಹೆಡ್ ರೋಗ ತಾಗದವರನ್ನೂ ಅದನ್ನೇ ಕೇಳಿದ. ಲೆಕ್ಕ ಅವನಿಗೇ ತಿರುಗುಬಾಣವಾಯಿತು: ಪಂಪಿನ ನೀರು ಕುಡಿದ 137 ಮಂದಿಯಲ್ಲಿ 80 ಜನಕ್ಕೆ ಕಾಲರಾ, ಕುಡಿಯದ 297 ಮಂದಿಯಲ್ಲಿ 20 ಜನಕ್ಕೆ. ಸೋಲೊಪ್ಪಿ ಸುಮ್ಮನಾಗಲಿಲ್ಲ. 40ನೇ ನಂಬರಿನ ಮನೆಯ ಕಾಯಿಲೆಯ ಕೂಸಿನ ಬಟ್ಟೆ ತೊಳೆದ ನೀರು ಬಾವಿಯ ಪಕ್ಕದ ಮಲದ ಗುಂಡಿ ಸೇರಿತ್ತೆಂದು ಹುಡುಕಿಕೊಟ್ಟವನೂ ಅವನೇ.

ರೋಗ ಬಂದವರಿಗೆ ಹೇಳಿಕೊಳ್ಳಲು ಬೇಕಾದಷ್ಟಿರುತ್ತದೆ. ಏನೂ ಆಗದವರ ಬಾಗಿಲು ತಟ್ಟಿದರೆ, “ನಾವು ಚೆನ್ನಾಗೇ ಇದ್ದೀವಲ್ಲ, ನಮ್ಮನ್ನ್ಯಾಕೆ ಕೇಳ್ತೀರಿ?” ಎನ್ನುತ್ತಾರೆ. ಆ ಪ್ರಶ್ನೆಗೆ ತಾಳ್ಮೆಯಿಂದ ಉತ್ತರಿಸಲು ಕಲಿಯುವುದರಲ್ಲಿ ಈ ಓದಿನ ಅರ್ಧ ಭಾಗವಿದೆ ಎಂದು ನನ್ನ ಎಣಿಕೆ. ಉಳಿದ ಅಂಕಿಅಂಶದ ಪಟ್ಟುಗಳನ್ನು ಕಂಪ್ಯೂಟರಿನ ಮುಂದೆ ಕೂತು ಕಲಿಯಬಹುದು.

ಸರ್ವೆಗೆ ಹೋದಾಗ ಪಟ್ಟಿಯಲ್ಲಿದ್ದ ಮನೆಗೆ ಬೀಗ ಬಿದ್ದಿದೆ ಎನ್ನಿ. ಪಕ್ಕದ ಮನೆಯವರು ಕಾಫಿ ಕೊಟ್ಟು ಕೂರಿಸುತ್ತಾರೆ. ಫಾರಂ ಅಲ್ಲೇ ತುಂಬಿಸಿಕೊಂಡರೆ ಯಾರು ಕೇಳುತ್ತಾರೆ? ಆದರೆ ಹಗಲು ಬೀಗ ಹಾಕಿ ಹೋದವರು ಕೂಲಿಯವರು, ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು. ಮನೆಯಲ್ಲೇ ಸಿಗುವವರ ಊಟ, ನೀರು, ದುಡಿಮೆಯೇ ಬೇರೆ. ಹೀಗೆ ಪಕ್ಕದ ಮನೆಗಳನ್ನೇ ಸೇರಿಸುತ್ತ ಹೋದರೆ ದುಡಿಯುವವರು ಲೆಕ್ಕದಿಂದಲೇ ಜಾರಿಹೋಗುತ್ತಾರೆ, ಯಾರೂ ಒಂದು ಸುಳ್ಳನ್ನೂ ಬರೆಯದೆ. ಥೀಸಿಸ್ ತಿರುವಿಹಾಕುವ ಪರೀಕ್ಷಕರಿಗೆ ಅದು ಕಾಣದೆಯೂ ಹೋಗಬಹುದು. ಬರೆದವಳಿಗೆ ಗೊತ್ತಿರುತ್ತದೆ.

ಆ ಮನೆಯವರು ಬರುವುದು ಸಂಜೆ ಏಳರ ಮೇಲೆ. ಸರ್ವೆಯ ಜೀಪು ಐದಕ್ಕೇ ಊರು ಬಿಡುತ್ತದೆ. ಹತ್ತಬೇಕೋ, ಉಳಿಯಬೇಕೋ ಎಂದು ಹೇಳಲು ಗೈಡ್ ಅಲ್ಲಿರುವುದಿಲ್ಲ.